ಮೋಟರ್‌ಹೋಮ್‌ನ ಯಾವ ಸರ್ಕ್ಯೂಟಿಗೆ ಎಷ್ಟು ಆಂಪಿಯರ್ ಫ್ಯೂಸ್?

ಪ್ರಶ್ನೆ: ಹಳೆಯ ಮೋಟರ್‌ಹೋಮ್ (ಒಳಗೇ ವಾಸಿಸಬಹುದಾದ ವಾಹನ) ಒಂದನ್ನು ಕೊಂಡು ಆರು ತಿಂಗಳಾಯಿತು. ಅದರ 12 ವೋಲ್ಟ್ ವ್ಯವಸ್ಥೆಯಲ್ಲಿ ನೀರಿನ ಪಂಪಿಗಿರುವ 10 ಆಂಪಿಯರ್ ಫ್ಯೂಸ್ ಮೇಲಿಂದ ಮೇಲೆ ಹೋಗುತ್ತಿತ್ತು. 15 ಆಂಪಿಯರಿನದನ್ನು ಹಾಕಿದ ಮೇಲೆ ಒಂದು ತಿಂಗಳು ತೊಂದರೆಯಾಗಲಿಲ್ಲ. ಮೊನ್ನೆ ಅದೂ ಹೋಯಿತು. ಅದೇ ಅಳತೆಯ ಇನ್ನೊಂದನ್ನು ಹಾಕಿದ್ದೇನೆ. ಗೆಳೆಯರೊಬ್ಬರು 20 ಆಂಪಿಯರಿನದನ್ನು ಹಾಕಿಬಿಡಿ ಎನ್ನುತ್ತಾರೆ. ಇದರ ಜೊತೆಗೆ ಕಂಪ್ರೆಸರ್ ಫ್ರಿಜ್ ಮತ್ತು 1000 ವಾಟ್‌ನ ಇನ್ವರ್ಟರ್ ಜೋಡಿಸಿ, ಬ್ಯಾಟರಿಯನ್ನು ಲಿಥಿಯಂಗೆ ಬದಲಾಯಿಸಬೇಕೆಂದಿದ್ದೇವೆ. ಯಾವ ಸರ್ಕ್ಯೂಟಿಗೆ ಎಷ್ಟರ ಫ್ಯೂಸ್ ಎಂದು ತೀರ್ಮಾನಿಸುವುದು ಹೇಗೆ?

ಉತ್ತರ: 20 ಆಂಪಿಯರ್ ಫ್ಯೂಸನ್ನು ಹಾಕಬೇಡಿ. ಈಗಿರುವ 15ರ ನೀಲಿ ಫ್ಯೂಸನ್ನೂ ತೆಗೆದು, ಮೊದಲಿದ್ದಂತೆ 10ರ ಕೆಂಪು ಫ್ಯೂಸನ್ನೇ ಹಾಕಿ. ಅದು ಮತ್ತೆ ಹೋದರೆ ಕಾರಣ ಸಿಗುವವರೆಗೆ ಪಂಪನ್ನು ಬಳಸಬೇಡಿ. ಮುಂದಿನದನ್ನು ಓದುವ ಮೊದಲೇ ಇಷ್ಟನ್ನು ಮಾಡಿ ಎಂದು ಕೇಳಿಕೊಳ್ಳುತ್ತೇನೆ. 15ರ ಫ್ಯೂಸ್ ತಡೆದುಕೊಂಡಿದ್ದ ಆ ಒಂದು ತಿಂಗಳಲ್ಲಿ, ಗೋಡೆಯ ಹಲಗೆಯ ಹಿಂದೆ ಎಲ್ಲೋ ಒಂದು ಕಡೆ, ತಂತಿಯು ತನ್ನ ಶಕ್ತಿಗೆ ಮೀರಿದ ಕರೆಂಟನ್ನು ಹೊತ್ತಿರುವ ಸಾಧ್ಯತೆ ಇದೆ.

ಫ್ಯೂಸ್ ಇರುವುದು ಪಂಪನ್ನೋ ದೀಪವನ್ನೋ ಕಾಯಲೆಂದು ಬಹಳ ಜನ ತಿಳಿದಿದ್ದಾರೆ. ಅದು ಕಾಯುವುದು ತಂತಿಯನ್ನು. ಕೆಟ್ಟ ಪಂಪನ್ನು ಬದಲಾಯಿಸಬಹುದು; ಆದರೆ ಪ್ಲೈವುಡ್ ಮತ್ತು ಫೋಮಿನ ನಡುವೆ ಹಾದುಹೋಗುವ ತಂತಿ ಕಾದು ಹೊತ್ತಿಕೊಂಡರೆ, ಮಲಗಿರುವವರು ಎಚ್ಚರಗೊಂಡು ಹೊರಬರಲು ಒಂದೇ ಬಾಗಿಲಿರುವ ವಾಹನದಲ್ಲಿ ಏನಾಗಬಹುದೆಂದು ಹೇಳಬೇಕಾಗಿಲ್ಲ. ಆದ್ದರಿಂದ ಫ್ಯೂಸಿನ ಅಳತೆಗೆ ಮೇಲಿನ ಮಿತಿಯನ್ನು ಹಾಕುವುದು ತಂತಿ. ಉಪಕರಣವು ಹಾಕುವುದು ಕೆಳಗಿನ ಮಿತಿಯನ್ನು ಮಾತ್ರ, ಅಂದರೆ ಸಹಜವಾಗಿ ಕೆಲಸ ಮಾಡುವಾಗ ಫ್ಯೂಸ್ ಸುಮ್ಮಸುಮ್ಮನೆ ಹೋಗದಷ್ಟು. ಈ ಎರಡು ಮಿತಿಗಳ ನಡುವೆ ಯಾವ ಫ್ಯೂಸೂ ಕೂರದಿದ್ದರೆ ತಪ್ಪಿರುವುದು ತಂತಿಯಲ್ಲಿ. ಆಗ ದಪ್ಪ ತಂತಿಯನ್ನೇ ಎಳೆಯಬೇಕು, ಬೇರೆ ದಾರಿಯಿಲ್ಲ.

ಮೊದಲು ತಂತಿಯ ವಿಷಯ. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯ 551ನೆಯ ವಿಧಿಯು ಇಂಥ ವಾಹನಗಳಿಗೆಂದೇ ಇದೆ. ಅದರ ಪ್ರಕಾರ ಕಡಿಮೆ ವೋಲ್ಟೇಜಿನ ಸರ್ಕ್ಯೂಟುಗಳಲ್ಲಿ 18ನೇ ಗೇಜಿನ ತಂತಿಗೆ 6 ಆಂಪಿಯರ್, 16ಕ್ಕೆ 8, 14ಕ್ಕೆ 15, 12ಕ್ಕೆ 20, 10ನೇ ಗೇಜಿಗೆ 30 ಆಂಪಿಯರ್ ಗರಿಷ್ಠ ಮಿತಿ. ಗೇಜಿನ ಅಂಕಿ ಇಳಿದಂತೆ ತಂತಿ ದಪ್ಪವಾಗುತ್ತದೆ. ಚದರ ಮಿಲಿಮೀಟರಿನಲ್ಲಿ ಅಳೆಯುವ ತಂತಿಗಳಿಗೆ ಇದೇ ಲೆಕ್ಕವನ್ನು ಹಿಡಿದು ನಾನು 0.75ಕ್ಕೆ 5, 1.5ಕ್ಕೆ 10, 2.5ಕ್ಕೆ 15, 4ಕ್ಕೆ 20, 6 ಚದರ ಮಿಲಿಮೀಟರಿಗೆ 30 ಆಂಪಿಯರ್ ಎಂದು ಇಟ್ಟುಕೊಂಡಿದ್ದೇನೆ. ಬಯಲಿನಲ್ಲಿ ಒಂಟಿಯಾಗಿರುವ ತಂತಿ ಇದಕ್ಕಿಂತ ಹೆಚ್ಚನ್ನು ಹೊರುತ್ತದೆ, ಮತ್ತು ತಯಾರಕರ ಪಟ್ಟಿಗಳಲ್ಲಿ ದೊಡ್ಡ ಅಂಕಿಗಳೇ ಕಾಣುತ್ತವೆ. ಆದರೆ ಮೋಟರ್‌ಹೋಮ್‌ನಲ್ಲಿ ಹತ್ತಾರು ತಂತಿಗಳು ಒಂದೇ ಕಂತೆಯಲ್ಲಿ, ಶಾಖ ಹೊರಹೋಗದ ಫೋಮಿನೊಳಗೆ, ಬಿಸಿಲಿಗೆ ಕಾದ ಮಾಡಿನ ಕೆಳಗೆ ಹಾದುಹೋಗುವುದರಿಂದ ಆ ದೊಡ್ಡ ಅಂಕಿಗಳನ್ನು ನಾನು ಎಂದೂ ನೆಚ್ಚುವುದಿಲ್ಲ.

ತಂತಿಯ ಅಳತೆಯನ್ನು ಹೊದಿಕೆಯ ದಪ್ಪ ನೋಡಿ ನಿರ್ಧರಿಸಬೇಡಿ. ದಪ್ಪ ಹೊದಿಕೆಯೊಳಗೆ ಸಣಕಲು ತಾಮ್ರವಿರುವುದು ಅಪರೂಪವೇನಲ್ಲ. ಹೊದಿಕೆಯ ಮೇಲೆ ಅಚ್ಚಾಗಿರುವ ಅಕ್ಷರಗಳನ್ನು ಓದಿ. ಅವು ಅಳಿಸಿದ್ದರೆ ತುದಿಯಲ್ಲಿ ಹೊದಿಕೆ ಸುಲಿದು, ಅಳತೆ ಗೊತ್ತಿರುವ ತಂತಿಯ ಪಕ್ಕದಲ್ಲಿಟ್ಟು ಹೋಲಿಸಿ. ಎಳೆಯೊಂದನ್ನು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ ಆಗಿರಬಹುದು. ಅಂಥದ್ದು ಶುದ್ಧ ತಾಮ್ರದ ಸುಮಾರು ಮೂರನೇ ಎರಡರಷ್ಟು ಮಾತ್ರ ಕರೆಂಟು ಹೊರುತ್ತದೆಂದು ಲೆಕ್ಕ ಹಿಡಿಯಿರಿ. ಇನ್ನೊಂದು ಮಾತು, ಒಂದು ಸರ್ಕ್ಯೂಟಿನಲ್ಲಿ ಲೆಕ್ಕಕ್ಕೆ ಬರುವುದು ಅದರ ಅತಿ ತೆಳುವಾದ ತುಂಡು. ಫ್ಯೂಸ್ ಪೆಟ್ಟಿಗೆಯಿಂದ 4 ಚದರ ಮಿಲಿಮೀಟರಿನ ತಂತಿ ಹೊರಟು, ಕೊನೆಯ ಒಂದು ಮೀಟರಿನಲ್ಲಿ ದೀಪಕ್ಕೆ 0.75ರ ತಂತಿ ಸೇರಿದ್ದರೆ, ಫ್ಯೂಸ್ 5 ಆಂಪಿಯರಿನದೇ ಆಗಬೇಕು, ಇಲ್ಲವೇ ತೆಳು ತಂತಿ ಶುರುವಾಗುವಲ್ಲಿ ಅದಕ್ಕೆಂದೇ ಪ್ರತ್ಯೇಕ ಫ್ಯೂಸ್ ಬೇಕು.

ಕೆಳಗಿನ ಮಿತಿಯ ಲೆಕ್ಕ ಸುಲಭ. ಉಪಕರಣವು ಸತತವಾಗಿ ಎಳೆಯುವ ಕರೆಂಟಿಗೆ ಅದರ ಕಾಲುಭಾಗವನ್ನು ಸೇರಿಸಿ, ಅದಕ್ಕಿಂತ ಮೇಲೆ ಮೊದಲು ಸಿಗುವ ಅಳತೆಯನ್ನು ಆರಿಸಿಕೊಳ್ಳುವುದು ವಾಡಿಕೆ. ನಿಮ್ಮ ಪಂಪಿನ ಮೇಲೆ 7 ಆಂಪಿಯರ್ ಎಂದಿದ್ದರೆ 1.25ರಿಂದ ಗುಣಿಸಿದಾಗ 8.75 ಬರುತ್ತದೆ, ಆದ್ದರಿಂದ 10. ಬ್ಯಾಟರಿಯಿಂದ ಪಂಪಿನವರೆಗೆ ಎಲ್ಲಿಯೂ 1.5 ಚದರ ಮಿಲಿಮೀಟರಿಗಿಂತ ತೆಳುವಾದ ತಂತಿ ಇಲ್ಲವಾದರೆ ಈ 10 ಎರಡೂ ಮಿತಿಗಳಿಗೆ ಒಪ್ಪುತ್ತದೆ. ಅದೇ ತಂತಿಗೆ 15 ಒಪ್ಪುವುದಿಲ್ಲ.

ಹೆಚ್ಚೆಂದರೆ ಐದು ಆಂಪಿಯರ್ ತಾನೆ ಎನಿಸಬಹುದು. ಆದರೆ ಫ್ಯೂಸ್ ತನ್ನ ಮೇಲೆ ಬರೆದಿರುವ ಅಂಕಿಯನ್ನು ಮುಟ್ಟಿದೊಡನೆ ಕಡಿದುಹೋಗುವ ವಸ್ತುವಲ್ಲ. ವಾಹನಗಳಲ್ಲಿ ಬಳಸುವ, ಎರಡು ಚಪ್ಪಟೆ ಕಾಲುಗಳ ಬ್ಲೇಡ್ ಫ್ಯೂಸುಗಳನ್ನು ತಯಾರಿಸುವ ಮಾನದಂಡದ ಪ್ರಕಾರ, ಅದು ತನ್ನ ಅಳತೆಯ 110 ಶೇಕಡಾ ಕರೆಂಟನ್ನು ಕನಿಷ್ಠ 100 ಗಂಟೆ ತಡೆದುಕೊಳ್ಳಬೇಕು. 135 ಶೇಕಡಾ ಆದಾಗಲೂ ಕರಗಲು ಹತ್ತು ನಿಮಿಷದವರೆಗೆ ಹಿಡಿಯಬಹುದು; ಎರಡು ಪಟ್ಟು ಆದಾಗ ಐದು ಸೆಕೆಂಡಿನವರೆಗೆ. ಗೆಳೆಯರು ಹೇಳುವ 20ರ ಫ್ಯೂಸ್ ಹಾಕಿದರೆ ಅದರ ಮೂಲಕ 22 ಆಂಪಿಯರ್ ನಾಲ್ಕು ದಿನ ಹರಿದರೂ ಅದು ಅಲುಗುವುದಿಲ್ಲ. 10 ಆಂಪಿಯರಿಗೆ ತಕ್ಕ ತಂತಿಯ ಹೊದಿಕೆ ಅಷ್ಟು ಹೊತ್ತಿಗೆ ಮೆತ್ತಗಾಗಿರುತ್ತದೆ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದು ಕ್ಯಾರವಾನ್‌ನ ಮೇಲ್ಛಾವಣಿಯ ದೀಪಗಳ ಸಾಲಿಗೆ ಯಾರೋ 5ರ ಬದಲು 20ರ ಹಳದಿ ಫ್ಯೂಸ್ ಹಾಕಿದ್ದರು. ದೀಪಗಳು ಮಂಕಾಗಿವೆ ಎಂಬುದಷ್ಟೇ ಅವರ ದೂರು. ಹಲಗೆ ಬಿಚ್ಚಿದಾಗ ಬಿಳಿಯ ತಂತಿ ಒಂದೂವರೆ ಮೀಟರಿನಷ್ಟು ಉದ್ದಕ್ಕೆ ತುಕ್ಕಿನ ಬಣ್ಣಕ್ಕೆ ತಿರುಗಿ ಫೋಮಿಗೆ ಅಂಟಿಕೊಂಡಿತ್ತು. ಎಳೆದರೆ ಹೊದಿಕೆ ಪುಡಿಪುಡಿಯಾಗಿ ಉದುರುತ್ತಿತ್ತು. ಪರದೆಯ ಸರಳನ್ನು ಕೂರಿಸಿದ ತಿರುಪು ತಂತಿಯನ್ನು ಅರೆಬರೆಯಾಗಿ ಚುಚ್ಚಿ ಅಲ್ಯೂಮಿನಿಯಂ ಚೌಕಟ್ಟಿಗೆ ತಾಗಿಸಿತ್ತು. ಫ್ಯೂಸ್ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ಆ ಸೋರಿಕೆ 20 ಆಂಪಿಯರನ್ನು ಮುಟ್ಟಲೇ ಇಲ್ಲ. 5ರ ಫ್ಯೂಸ್ ಇದ್ದಿದ್ದರೆ ತಿರುಪು ಚುಚ್ಚಿದ ದಿನವೇ ದೀಪಗಳು ಆರಿ, ಮಾಲೀಕರು ತಿರುಪನ್ನು ಹುಡುಕುತ್ತಿದ್ದರು.

ನೇರವಾದ ಶಾರ್ಟ್ ಸರ್ಕ್ಯೂಟ್ ಆದರೂ ದೊಡ್ಡ ಫ್ಯೂಸ್ ಹೋಗದಿರಬಹುದು ಎಂಬುದು ಇನ್ನೂ ಕಡಿಮೆ ಜನರಿಗೆ ಗೊತ್ತಿರುವ ಸಂಗತಿ. 12 ವೋಲ್ಟಿನಲ್ಲಿ ತಂತಿಯ ರೋಧವೇ ಕರೆಂಟನ್ನು ಕಟ್ಟಿಹಾಕುತ್ತದೆ. ವಾಹನದ ಹಿಂಬದಿಯ ದೀಪಕ್ಕೆ ಹೋಗಲು ಹತ್ತು, ಬರಲು ಹತ್ತು, ಒಟ್ಟು ಇಪ್ಪತ್ತು ಮೀಟರ್ 0.75ರ ತಂತಿ ಇದೆಯೆನ್ನಿ. ಒಂದು ಚದರ ಮಿಲಿಮೀಟರಿನ ತಾಮ್ರಕ್ಕೆ ಮೀಟರಿಗೆ ಸುಮಾರು 0.0175 ಓಮ್ ರೋಧ; ಆ ಲೆಕ್ಕದಲ್ಲಿ ಈ ತಂತಿಯ ಒಟ್ಟು ರೋಧ 0.47 ಓಮ್. ದೀಪದ ಬಳಿ ಎರಡು ತುದಿಗಳೂ ಪೂರ್ತಿ ಕೂಡಿಕೊಂಡರೂ 12.6 ವೋಲ್ಟಿನ ಬ್ಯಾಟರಿಯಿಂದ ಹರಿಯುವುದು ಸುಮಾರು 27 ಆಂಪಿಯರ್ ಮಾತ್ರ. ಅಲ್ಲಿ 30ರ ಫ್ಯೂಸ್ ಇದ್ದರೆ ಅದು ಎಂದಿಗೂ ಹೋಗುವುದಿಲ್ಲ, ತಂತಿಯ ಉದ್ದಕ್ಕೂ 340 ವಾಟ್‌ನಷ್ಟು ಶಾಖ ಹುಟ್ಟುತ್ತಲೇ ಇರುತ್ತದೆ. 5ರ ಫ್ಯೂಸ್ ಆದರೆ ಅರೆ ಸೆಕೆಂಡೂ ತಾಳದು. ಉದ್ದವಾದ, ತೆಳುವಾದ ತಂತಿಗಳಿಗೆ ಸಣ್ಣ ಫ್ಯೂಸೇ ಬೇಕೆಂದು ನಾನು ಪಟ್ಟು ಹಿಡಿಯುವುದು ಇದಕ್ಕಾಗಿ.

ವೋಲ್ಟೇಜ್ ಕುಸಿತವೂ ಇದೇ ರೋಧದಿಂದ ಬರುವುದು. ಪಂಪು ಆರು ಮೀಟರ್ ದೂರದಲ್ಲಿದ್ದು 7 ಆಂಪಿಯರ್ ಎಳೆದರೆ, 2.5ರ ತಂತಿಯಲ್ಲಿ ಹೋಗಿಬರುವಷ್ಟರಲ್ಲಿ 0.59 ವೋಲ್ಟ್, ಅಂದರೆ ಹೆಚ್ಚುಕಡಿಮೆ 5 ಶೇಕಡಾ ನಷ್ಟವಾಗುತ್ತದೆ. 4ರ ತಂತಿಯಲ್ಲಿ 0.37 ವೋಲ್ಟ್, ಸುಮಾರು 3 ಶೇಕಡಾ. ಹಾಗಾಗಿ ಶಾಖದ ಲೆಕ್ಕಕ್ಕೆ 1.5 ಸಾಕಾಗುವಲ್ಲಿಯೂ 4ರ ತಂತಿ ಎಳೆಯಬೇಕಾಗಿ ಬರಬಹುದು. ತಂತಿ ದಪ್ಪವಾಯಿತೆಂದು ಫ್ಯೂಸನ್ನು 20ಕ್ಕೆ ಏರಿಸಬೇಕಾಗಿಲ್ಲ. ದಪ್ಪ ತಂತಿಗೆ ಸಣ್ಣ ಫ್ಯೂಸ್ ಹಾಕುವುದರಲ್ಲಿ ಯಾವ ದೋಷವೂ ಇಲ್ಲ. ಪಂಪಿಗೆ 10 ಸಾಕಾದರೆ 10ನ್ನೇ ಇಡಿ.

ಈಗ ನಿಮ್ಮ ಪಂಪಿಗೆ ಬರೋಣ. ಹೋದ ಫ್ಯೂಸನ್ನು ಎಸೆದಿಲ್ಲವಾದರೆ ಬೆಳಕಿಗೆ ಹಿಡಿದು ನೋಡಿ. ಒಳಗಿನ ಲೋಹದ ಕಮಾನು ನಡುವೆ ಸಣ್ಣದಾಗಿ ಕಡಿದು ಪ್ಲಾಸ್ಟಿಕ್ ಸ್ವಚ್ಛವಾಗಿದ್ದರೆ, ಸ್ವಲ್ಪ ಹೆಚ್ಚಿನ ಕರೆಂಟು ಬಹಳ ಹೊತ್ತು ಹರಿದಿದೆ ಎಂದರ್ಥ. ಕಮಾನೇ ಮಾಯವಾಗಿ ಒಳಗೋಡೆಗೆ ಕಪ್ಪು ಮಸಿಯೋ ಲೋಹದ ಹನಿಗಳೋ ಅಂಟಿದ್ದರೆ ಅದು ಶಾರ್ಟ್ ಸರ್ಕ್ಯೂಟಿನ ಗುರುತು. ಕಮಾನು ಹಾಗೇ ಇದ್ದು ಕಾಲುಗಳ ಬಳಿ ಪ್ಲಾಸ್ಟಿಕ್ ಕಂದಾಗಿ ಕರಗಿದ್ದರೆ ದೋಷ ಹೋಲ್ಡರಿನಲ್ಲಿದೆ. ಸಡಿಲವಾದ ಹಿಡಿತ ತಾನೇ ಶಾಖ ಹುಟ್ಟಿಸುತ್ತದೆ, ಅಂಥ ಕಡೆ ಹೋಲ್ಡರನ್ನು ಬದಲಾಯಿಸಬೇಕೇ ಹೊರತು ಫ್ಯೂಸಿನ ಅಂಕಿಯನ್ನಲ್ಲ.

ಆಮೇಲೆ ಕರೆಂಟನ್ನು ಅಳೆಯಿರಿ. ತಂತಿಯನ್ನು ಕಡಿಯದೆ ಅದರ ಸುತ್ತ ಹಿಡಿದು ಅಳೆಯುವ ಕ್ಲ್ಯಾಂಪ್ ಮೀಟರ್ ಡಿಸಿಯನ್ನು, ಅಂದರೆ ಬ್ಯಾಟರಿಯ ಏಕಮುಖ ಕರೆಂಟನ್ನು, ಅಳೆಯುವಂಥದ್ದೇ ಆಗಿರಬೇಕು. ಅಗ್ಗದವು ಹಲವು ಎಸಿಯನ್ನು, ಅಂದರೆ ಮನೆಗಳಿಗೆ ಬರುವ ಕರೆಂಟನ್ನು, ಮಾತ್ರ ಅಳೆಯುತ್ತವೆ, ಅವುಗಳಲ್ಲಿ ಇಲ್ಲಿ ಸೊನ್ನೆಯೇ ಕಾಣುತ್ತದೆ. ನಲ್ಲಿಯನ್ನು ಪೂರ್ತಿ ತೆರೆದು ಒಮ್ಮೆ, ನಲ್ಲಿ ಮುಚ್ಚಿದ ಮೇಲೆ ಒತ್ತಡ ಏರಿ ಪಂಪು ನಿಲ್ಲುವ ಕೊನೆಯ ಗಳಿಗೆಯಲ್ಲಿ ಇನ್ನೊಮ್ಮೆ ನೋಡಿ. ಪಂಪು ಅತಿ ಹೆಚ್ಚು ಎಳೆಯುವುದು ಆ ಕೊನೆಯ ಗಳಿಗೆಯಲ್ಲಿ. ಅಲ್ಲಿಯೂ 7ರ ಆಸುಪಾಸಿನಲ್ಲಿದ್ದರೆ ಪಂಪು ಸರಿಯಿದೆ. 11, 12 ಕಂಡರೆ ಒತ್ತಡದ ಸ್ವಿಚ್ಚು ಸರಿಯಾದ ಹೊತ್ತಿಗೆ ಕಡಿಯುತ್ತಿಲ್ಲ, ಅಥವಾ ಒಳಗೆ ಕಸ ಸಿಕ್ಕಿದೆ, ಅಥವಾ ಮೋಟರ್ ಸವೆದಿದೆ. ನೀರು ಸೋಸುವ ಶೋಧಕವನ್ನು ಬಿಚ್ಚಿ ತೊಳೆಯುವುದರಿಂದ ಶುರುಮಾಡಿ. ಪಂಪು ನಿಂತಿರುವಾಗಲೂ ಮೀಟರ್ ಏನಾದರೂ ತೋರಿಸಿದರೆ, ಹಿಂದಿನ ಮಾಲೀಕರು ಅದೇ ಸಾಲಿಗೆ ಮೊಬೈಲ್ ಚಾರ್ಜರಿನ ಸಾಕೆಟ್ಟನ್ನೋ ಫ್ಯಾನನ್ನೋ ಸೇರಿಸಿರಬಹುದು. ಹಳೆಯ ವಾಹನಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವ ಕಾರಣ ಇದು. ಅಂಥದ್ದಿದ್ದರೆ ಅದಕ್ಕೆ ಬೇರೆ ತಂತಿ, ಬೇರೆ ಫ್ಯೂಸ್ ಕೊಡಿ. ಎಲ್ಲ ಅಂಕಿಗಳೂ ಸರಿಯಿದ್ದು ಫ್ಯೂಸ್ ಪ್ರಯಾಣದಲ್ಲಿ ಮಾತ್ರ ಹೋಗುತ್ತಿದ್ದರೆ, ತಂತಿ ಲೋಹದ ಅಂಚಿಗೆ ಉಜ್ಜಿಕೊಳ್ಳುವ ಜಾಗವನ್ನು ಹುಡುಕಬೇಕು. ಚಾಸಿಯ ತೂತುಗಳಲ್ಲಿ ರಬ್ಬರಿನ ಬಳೆ ಕಳಚಿಬಿದ್ದ ಕಡೆಗಳನ್ನು ಮೊದಲು ನೋಡಿ.

ಫ್ರಿಜ್ಜಿನ ಲೆಕ್ಕ ಬೇರೆ. ಓಡುವಾಗ 60 ವಾಟ್, ಅಂದರೆ 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುವ ಕಂಪ್ರೆಸರಿಗೂ, ಶುರುವಾಗುವ ಗಳಿಗೆಯ ಹೆಚ್ಚಿನ ಎಳೆತವನ್ನು ಗಮನದಲ್ಲಿಟ್ಟು, 15ರ ಫ್ಯೂಸ್ ಹಾಕಲು ತಯಾರಕರು ಹೇಳುವುದುಂಟು. ತಯಾರಕರ ಕೈಪಿಡಿಯಲ್ಲಿ ಅಂಕಿ ಇದ್ದರೆ ಅದನ್ನೇ ಪಾಲಿಸಿ, ಆದರೆ ತಂತಿಯನ್ನೂ ಆ 15ಕ್ಕೆ ತಕ್ಕಂತೆ 2.5ಕ್ಕಿಂತ ಕಡಿಮೆಯಾಗದಂತೆ ಎಳೆಯಿರಿ. ಐದು ಮೀಟರಿನ ದೂರವಾದರೆ ನಾನು 6ರ ತಂತಿಯನ್ನೇ ಬಳಸುತ್ತೇನೆ, ಏಕೆಂದರೆ ಬ್ಯಾಟರಿ ಇಳಿದಿರುವಾಗ ತಂತಿಯಲ್ಲಿ ಅರ್ಧ ವೋಲ್ಟ್ ಕಳೆದುಹೋದರೂ ಫ್ರಿಜ್ಜಿನ ರಕ್ಷಣಾ ವ್ಯವಸ್ಥೆ ಅದನ್ನು ಬಂದ್ ಮಾಡಿಬಿಡುತ್ತದೆ. ಹಳೆಯ ಪಂಪಿನ ಸಾಲಿಗೆ ಫ್ರಿಜ್ಜನ್ನು ಸೇರಿಸುವ ಯೋಚನೆಯನ್ನೇ ಮಾಡಬೇಡಿ.

ಇನ್ವರ್ಟರಿನಲ್ಲಿ ಜನ ಸಾಮಾನ್ಯವಾಗಿ 1000ವನ್ನು 12ರಿಂದ ಭಾಗಿಸಿ 83 ಆಂಪಿಯರ್ ಎಂದು ನಿಲ್ಲಿಸುತ್ತಾರೆ. ಎರಡು ವಿಷಯಗಳು ಬಿಟ್ಟುಹೋಗುತ್ತವೆ. ಇನ್ವರ್ಟರ್ ತಾನೇ ಹತ್ತರಿಂದ ಹದಿನೈದು ಶೇಕಡಾ ನುಂಗುತ್ತದೆ. ಜೊತೆಗೆ ಬ್ಯಾಟರಿ ಇಳಿದಂತೆಲ್ಲ ಅಷ್ಟೇ ವಾಟ್ ಕೊಡಲು ಹೆಚ್ಚು ಕರೆಂಟು ಎಳೆಯುತ್ತದೆ. 10.5 ವೋಲ್ಟ್ ಮತ್ತು 85 ಶೇಕಡಾ ದಕ್ಷತೆ ಹಿಡಿದರೆ 112 ಆಂಪಿಯರ್ ಬರುತ್ತದೆ. ಕಾಲುಭಾಗ ಸೇರಿಸಿದರೆ 140, ಹಾಗಾಗಿ 150ರ ಫ್ಯೂಸ್. ಅದಕ್ಕೆ 50 ಚದರ ಮಿಲಿಮೀಟರಿನ ತಾಮ್ರದ ಕೇಬಲ್ಲನ್ನು, ಒಂದೂವರೆ ಮೀಟರಿಗಿಂತ ಉದ್ದವಾಗದಂತೆ ಎಳೆಯಿರಿ. ಆ ಅಳತೆಯಲ್ಲಿ ನಷ್ಟ 0.12 ವೋಲ್ಟ್. ಉಳಿತಾಯವೆಂದು 16ರ ಕೇಬಲ್ ಹಾಕಿದರೆ 0.37 ವೋಲ್ಟ್, ಮತ್ತು ಹೋಗಿಬರುವ ಮೂರು ಮೀಟರ್ ಕೇಬಲ್ಲಿನಲ್ಲಿ 41 ವಾಟ್ ಶಾಖ. ಅದಕ್ಕೆ 150ರ ಫ್ಯೂಸ್ ಯಾವ ರಕ್ಷಣೆಯನ್ನೂ ಕೊಡದು. ಶುರುವಿನಲ್ಲಿ ಒಂದೆರಡು ಸೆಕೆಂಡು ಇನ್ವರ್ಟರ್ ಎರಡು ಪಟ್ಟು ಎಳೆದರೂ ಆ ಅಳತೆಯ ದೊಡ್ಡ ಫ್ಯೂಸುಗಳು ನಿಧಾನ ಸ್ವಭಾವದವಾದ್ದರಿಂದ ತಡೆದುಕೊಳ್ಳುತ್ತವೆ.

ಲಿಥಿಯಂ ಬ್ಯಾಟರಿಗೆ ಹೋಗುವುದಾದರೆ ಆಂಪಿಯರಿನ ಜೊತೆಗೆ ಇನ್ನೊಂದು ಅಂಕಿಯನ್ನು ಓದಲು ಕಲಿಯಬೇಕು. ಫ್ಯೂಸ್ ಸುರಕ್ಷಿತವಾಗಿ ಕಡಿಯಬಲ್ಲ ಗರಿಷ್ಠ ಕರೆಂಟು ಎಷ್ಟು ಎಂಬುದೇ ಆ ಅಂಕಿ. ಸಾಮಾನ್ಯ ಬ್ಲೇಡ್ ಫ್ಯೂಸಿಗೆ ಅದು 32 ವೋಲ್ಟಿನಲ್ಲಿ 1000 ಆಂಪಿಯರ್. ಲಿಥಿಯಂ ಬ್ಯಾಟರಿಯ ತುದಿಗಳು ನೇರವಾಗಿ ಕೂಡಿಕೊಂಡರೆ ಹಲವು ಸಾವಿರ ಆಂಪಿಯರ್ ಹರಿಯುತ್ತದೆ. ಅಷ್ಟು ದೊಡ್ಡ ಕರೆಂಟನ್ನು ಕಡಿಯಲಾರದ ಫ್ಯೂಸಿನೊಳಗೆ ಲೋಹ ಕರಗಿದ ಮೇಲೂ ಕಿಡಿಯ ಕಮಾನು ನಿಂತುಕೊಂಡು ಕರೆಂಟು ಹರಿಯುತ್ತಲೇ ಇರುತ್ತದೆ. ಎಸಿಯಲ್ಲಿ ಪ್ರತಿ ಆವರ್ತದಲ್ಲೂ ಕರೆಂಟು ಸೊನ್ನೆಗೆ ಇಳಿಯುವುದರಿಂದ ಕಿಡಿ ಆರುತ್ತದೆ. ಡಿಸಿಯಲ್ಲಿ ಆ ಅವಕಾಶವಿಲ್ಲ. ಆದ್ದರಿಂದ 250 ವೋಲ್ಟ್ ಎಸಿ ಎಂದಷ್ಟೇ ಬರೆದಿರುವ ಫ್ಯೂಸನ್ನು ಬ್ಯಾಟರಿಯ ಸಾಲಿಗೆ ಹಾಕಬಾರದು. ಲಿಥಿಯಂ ಬ್ಯಾಟರಿಯ ಮುಖ್ಯ ಫ್ಯೂಸಾಗಿ ನಾನು 20,000 ಆಂಪಿಯರ್ ಕಡಿಯಬಲ್ಲ ಕ್ಲಾಸ್ ಟಿ ಫ್ಯೂಸನ್ನೇ ಹೇಳುತ್ತೇನೆ. ಬ್ಯಾಟರಿಯೊಳಗಿನ ಎಲೆಕ್ಟ್ರಾನಿಕ್ ರಕ್ಷಣೆಯೇ ಸಾಕು ಎಂಬ ಮಾತನ್ನು ಕೇಳಬೇಡಿ. ಅದರ ಟ್ರಾನ್ಸಿಸ್ಟರುಗಳು ಕೆಡುವಾಗ ಹೆಚ್ಚಾಗಿ ಕೂಡಿಕೊಂಡ ಸ್ಥಿತಿಯಲ್ಲೇ ಕೆಡುತ್ತವೆ.

ಸರಿಯಾದ ಫ್ಯೂಸನ್ನು ತಪ್ಪು ಜಾಗದಲ್ಲಿ ಹಾಕಿದರೆ ಪ್ರಯೋಜನವಿಲ್ಲ. ಬ್ಯಾಟರಿಗೂ ಫ್ಯೂಸಿಗೂ ನಡುವಿನ ಕೇಬಲ್ಲಿಗೆ ಯಾವ ಕಾವಲೂ ಇರುವುದಿಲ್ಲ, ಆದ್ದರಿಂದ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಆಗಲೇ ಹೇಳಿದ ಅಮೆರಿಕದ ಸಂಹಿತೆ 45 ಸೆಂಟಿಮೀಟರಿನೊಳಗೆ ಎನ್ನುತ್ತದೆ. ಎಂಜಿನ್ ಬ್ಯಾಟರಿಯಿಂದ, ದೀಪ ಪಂಪುಗಳನ್ನು ನಡೆಸುವ ಒಳಗಿನ ಬ್ಯಾಟರಿಗೆ ಚಾರ್ಜಿನ ಕೇಬಲ್ ಹೋಗಿದ್ದರೆ ಅದರ ಎರಡೂ ತುದಿಗಳಲ್ಲಿ ಫ್ಯೂಸ್ ಬೇಕು, ಏಕೆಂದರೆ ನಡುವೆ ಎಲ್ಲಿ ತುಂಡಾಗಿ ಚಾಸಿಗೆ ತಾಗಿದರೂ ಎರಡು ಬ್ಯಾಟರಿಗಳೂ ಅದಕ್ಕೆ ಕರೆಂಟು ಸುರಿಯುತ್ತವೆ. ಇನ್ನು, ಬ್ಯಾಟರಿ ಬದಲಾಯಿಸುವಾಗ ಧನ, ಋಣ ತುದಿಗಳು ಅದಲುಬದಲಾದರೆ ಚಾರ್ಜರಿನ ಮೇಲಿರುವ ಒಂದೆರಡು ದೊಡ್ಡ ಬ್ಲೇಡ್ ಫ್ಯೂಸುಗಳು ತಕ್ಷಣ ಹೋಗುತ್ತವೆ. ಅವು ಇರುವುದೇ ಆ ತಪ್ಪಿನಿಂದ ಚಾರ್ಜರನ್ನು ಉಳಿಸಲು. ತುದಿಗಳನ್ನು ಸರಿಪಡಿಸಿ ಅದೇ ಅಳತೆಯವನ್ನು ಹಾಕಿ.

ಹೊಸ ಸರ್ಕ್ಯೂಟ್ ಮುಗಿದ ಮೇಲೆ ಪೂರ್ಣ ಹೊರೆಯಲ್ಲಿ ಅರ್ಧ ಗಂಟೆ ಓಡಿಸಿ, ಫ್ಯೂಸಿನ ಹೋಲ್ಡರನ್ನೂ ಪ್ರತಿಯೊಂದು ಕೂಡುತುದಿಯನ್ನೂ ಹೊರಗಿನಿಂದ ಬೆರಳಲ್ಲಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಬೆರಳು ಇಡಲಾಗದಷ್ಟು ಬಿಸಿಯಿದ್ದರೆ ಸ್ವಿಚ್ಚು ಬಂದ್ ಮಾಡಿ, ಆ ತುದಿಯನ್ನು ಬಿಚ್ಚಿ, ಸರಿಯಾದ ಇಕ್ಕಳದಿಂದ ಹೊಸ ಲಗ್ (ತಂತಿಯ ತುದಿಗೆ ಹಾಕುವ ಲೋಹದ ಕೊಂಡಿ) ಒತ್ತಿ ಕೂರಿಸಿ. ಪ್ರತಿ ಫ್ಯೂಸಿನ ಪಕ್ಕದಲ್ಲಿ ಅದರ ಅಂಕಿಯನ್ನೂ, ಅದು ಕಾಯುವ ತಂತಿಯ ಅಳತೆಯನ್ನೂ ಬರೆದು ಅಂಟಿಸಿ. ಮುಂದೆ ಕತ್ತಲಲ್ಲಿ ಫ್ಯೂಸ್ ಬದಲಾಯಿಸುವವರು ನೀವಲ್ಲದಿರಬಹುದು.